ಮಂಡಿ ನೋವಿಗೆ ತರಿಸಿದ ಡಬ್ಬಿಗಳು: ಯಾವುದು ಇರಲಿ, ಯಾವುದು ಬೇಡ?

ಪ್ರಶ್ನೆ: ನನಗೆ 66 ವರ್ಷ. ಕೊಡಗಿನ ನಾಪೋಕ್ಲು ಕಡೆ ನಮ್ಮ ಕಾಫಿ ತೋಟ. ನಾಲ್ಕು ವರ್ಷದಿಂದ ಎರಡೂ ಮಂಡಿ ನೋವು, ಬಲಗಡೆ ಜಾಸ್ತಿ. ಎಕ್ಸ್‌ರೇ ನೋಡಿ ಸವೆತ ಅಂದರು. ಬೆಂಗಳೂರಿನಲ್ಲಿರುವ ಮಗ ಗ್ಲುಕೋಸಮೈನ್–ಕಾಂಡ್ರಾಯ್ಟಿನ್ ಮಾತ್ರೆ, ಅರಿಶಿನದ ಕ್ಯಾಪ್ಸೂಲ್, ಕೊಲಾಜೆನ್ ಪುಡಿ, ಮೀನೆಣ್ಣೆ ಕ್ಯಾಪ್ಸೂಲ್ ಎಲ್ಲ ಆನ್‌ಲೈನ್‌ನಲ್ಲಿ ತರಿಸಿ ಕೊಟ್ಟಿದ್ದಾನೆ. 60,000 ಯೂನಿಟ್ಟಿನ ವಿಟಮಿನ್ ಡಿ ವಾರಕ್ಕೊಂದರಂತೆ ಒಂದು ವರ್ಷದಿಂದ ತಗೊಳ್ತಿದ್ದೇನೆ. ಬಿಪಿ, ಶುಗರ್ ಮಾತ್ರೆ ಇದೆ. ಯಜಮಾನರಿಗೂ ಮಂಡಿ ನೋವು. ಅವರೂ ನನ್ನ ಡಬ್ಬಿಯಿಂದಲೇ ಅರಿಶಿನದ ಕ್ಯಾಪ್ಸೂಲ್ ತಗೊಳ್ತಾರೆ. ಅವರಿಗೆ ಹಾರ್ಟ್ ವಾಲ್ವ್ ಆಪರೇಷನ್ ಆಗಿ ರಕ್ತ ತೆಳು ಮಾಡುವ ಮಾತ್ರೆ ನಡೀತಿದೆ. ಮಳೆಗಾಲದಲ್ಲಂತೂ ನೋವು ತಡೆಯೋಕಾಗಲ್ಲ. ಇವನ್ನೆಲ್ಲ ಬಿಡದೆ ತಗೊಂಡರೆ ಮಂಡಿ ಆಪರೇಷನ್ ತಪ್ಪುತ್ತಾ?

ಉತ್ತರ: ಮೊದಲು ನಿಮ್ಮ ಯಜಮಾನರ ವಿಷಯ ಮುಗಿಸೋಣ. ಅದು ನಿಮ್ಮ ಮಂಡಿಗಿಂತ ಅರ್ಜೆಂಟು.

ವಾಲ್ವ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ವಾರ್ಫರಿನ್ ಇಲ್ಲವೇ ಅಸೆನೋಕೌಮರಾಲ್ ಮಾತ್ರೆ ಕೊಟ್ಟಿರುತ್ತಾರೆ. ಅದರ ಅಳತೆ ಬಹಳ ಸೂಕ್ಷ್ಮ. ಕಡಿಮೆಯಾದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಜಾಸ್ತಿಯಾದರೆ ಎಲ್ಲಾದರೂ ಒಂದು ಕಡೆ ರಕ್ತಸ್ರಾವ ಶುರುವಾಗುತ್ತದೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆಯನ್ನು ಆಗಾಗ ಮಾಡಿಸುವುದು ಅದಕ್ಕೇ. ಅರಿಶಿನದ ಕ್ಯಾಪ್ಸೂಲ್, ಗ್ಲುಕೋಸಮೈನ್, ಮೀನೆಣ್ಣೆ ಮೂರೂ ಈ ಲೆಕ್ಕ ತಪ್ಪಿಸಬಲ್ಲವು. ಹಾಗಾಗಿ ಅವರು ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಲಿ. ಒಂದೆರಡು ದಿನದಲ್ಲಿ ಐಎನ್‌ಆರ್ ಮಾಡಿಸಿ ತಮ್ಮ ಡಾಕ್ಟರಿಗೆ ತೋರಿಸಲಿ. ಗಾಬರಿಯಾಗಿ ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ವಸಡಿನಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಸುಮ್ನೆ ತಾಗಿದ್ದಕ್ಕೂ ಮೈಮೇಲೆ ನೀಲಿ ಕಲೆ, ಮೂತ್ರ ಕೆಂಪು — ಇಂಥದ್ದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೊಡಗಿನಲ್ಲಿ ಈ ಕೆಂಪು ಮೂತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ತೊಪ್ಪಿನ (ಮದ್ದು ಸೊಪ್ಪಿನ) ಪಾಯಸ, ಪುಟ್ಟು ತಿಂದರೆ ಮೂತ್ರ ಕೆಂಪಾಗುವುದು ನಿಮಗೆಲ್ಲ ಗೊತ್ತಿರುವುದೇ. ಅದು ಸೊಪ್ಪಿನ ಬಣ್ಣ, ಹೆದರುವಂಥದ್ದಲ್ಲ. ಆದರೆ ವಾರ್ಫರಿನ್ ತಗೊಳ್ಳುವವರು ಒಂದೆರಡು ದಿನ ಕಳೆದರೂ ಕೆಂಪು ನಿಲ್ಲದಿದ್ದರೆ ಅದನ್ನು ಪಾಯಸದ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಇಬ್ಬರೂ ಹೆದರಬೇಕಿಲ್ಲ.

ಇನ್ನು ನಿಮ್ಮ ಮಂಡಿ. ಡಬ್ಬಿ ತೆರೆಯುವ ಮೊದಲು ಇದು ನಿಜವಾಗಿ ಸವೆತದ ನೋವೇನಾ ಅಂತ ಗಟ್ಟಿ ಮಾಡಿಕೊಳ್ಳಬೇಕು. 60 ದಾಟಿದವರ ಮಂಡಿ ಎಕ್ಸ್‌ರೇ ತೆಗೆದರೆ ನೋವಿಲ್ಲದವರಲ್ಲೂ ಸವೆತ ಕಾಣಿಸುತ್ತದೆ. ಎಕ್ಸ್‌ರೇಯಲ್ಲಿ ಸ್ವಲ್ಪವೇ ಸವೆದಿದ್ದರೂ ರಾತ್ರಿ ನಿದ್ದೆ ಬಾರದಷ್ಟು ನೋವಿರುವವರೂ ಇದ್ದಾರೆ. ಸವೆತದ ನೋವಿಗೆ ತನ್ನದೇ ನಡವಳಿಕೆ ಇದೆ. ಬೆಳಿಗ್ಗೆ ಎದ್ದಾಗ ಮಂಡಿ ಬಿಗಿಯಾಗಿರುತ್ತದೆ, ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಮೆಟ್ಟಿಲು, ಇಳಿಜಾರು, ಕುಕ್ಕರಗಾಲಿನಲ್ಲಿ ಕೂತು ಏಳುವುದು ಇವೆಲ್ಲ ಕಷ್ಟ. ಕೂತರೆ ಹಾಯೆನಿಸುತ್ತದೆ.

ಬಿಗಿತ ಗಂಟೆಗಟ್ಟಲೆ ಇದ್ದು, ಜೊತೆಗೆ ಎರಡೂ ಕೈಯ ಬೆರಳಿನ ಗಂಟು, ಮಣಿಕಟ್ಟು ಊದಿಕೊಂಡರೆ ಅದು ರುಮಟಾಯ್ಡ್ ಎಂಬ ಬೇರೆ ಬಗೆಯ ಗಂಟು ರೋಗ ಇರಬಹುದು. ಅದಕ್ಕೆ ಬೇರೆಯೇ ಔಷಧ. ತಡವಾದಷ್ಟೂ ಗಂಟು ಹಾಳಾಗುತ್ತದೆ, ಅಲ್ಲಿ ಡಬ್ಬಿ ಹಿಡಿದು ಕೂತರೆ ಅಮೂಲ್ಯ ತಿಂಗಳುಗಳು ಹೋಗಿಬಿಡುತ್ತವೆ. ಮದುವೆ ಮನೆಯಲ್ಲಿ ಪಂದಿ ಕರಿ, ಡ್ರಿಂಕ್ಸ್ ಎಲ್ಲ ಆಗಿ ಬಂದ ರಾತ್ರಿಯೇ ಕಾಲಿನ ಹೆಬ್ಬೆರಳಿನ ಬುಡವೋ ಮಂಡಿಯೋ ಕೆಂಪಗೆ ಊದಿ, ಬೆಡ್‌ಶೀಟ್ ತಾಗಿದರೂ ಜೀವ ಹೋಗುವ ಹಾಗಾದರೆ ಗೌಟ್ ಎಂದು ಅನುಮಾನಿಸಬೇಕು. ಯೂರಿಕ್ ಆಸಿಡ್ ಹರಳುಗಟ್ಟಿ ಬರುವ ಈ ನೋವಿಗೂ ಒಳ್ಳೆಯ ಔಷಧ ಇದೆ. ಚಿಕುನ್‌ಗುನ್ಯಾ ಬಂದು ಹೋದವರಿಗೆ ತಿಂಗಳುಗಟ್ಟಲೆ ಗಂಟು ನೋವು ಉಳಿಯುವುದೂ ಉಂಟು. ಒಂದೇ ಮಂಡಿ ಇದ್ದಕ್ಕಿದ್ದಂತೆ ಬಿಸಿಯಾಗಿ ಊದಿ ಜ್ವರ ಬಂದರೆ ಒಳಗೆ ಕೀವಾಗಿರಬಹುದು. ಶುಗರ್ ಇರುವ ನೀವು ಆಗ ಬೆಳಗಾಗಲಿ ಅಂತ ಕಾಯಬಾರದು.

ನೀವು ಬರೆದದ್ದು ಓದಿದರೆ ನಿಮ್ಮದು ಸವೆತದ ನೋವಿನ ಹಾಗೇ ಕಾಣುತ್ತದೆ. ಹಾಗೆಂದುಕೊಂಡೇ ಮುಂದಿನದು ಹೇಳುತ್ತೇನೆ.

ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಎರಡೂ ನಮ್ಮ ಕಾರ್ಟಿಲೇಜಿನಲ್ಲಿ, ಅಂದರೆ ಮೂಳೆಯ ತುದಿಗೆ ಹೊದ್ದಿಸಿದ ನುಣುಪು ಪದರದಲ್ಲಿ, ಸಹಜವಾಗಿಯೇ ಇರುವ ವಸ್ತುಗಳು. ಸವೆದದ್ದನ್ನೇ ತಿಂದರೆ ಸವೆದದ್ದು ಬೆಳೆಯುತ್ತದೆ ಎಂಬ ಯೋಚನೆ. ಕೇಳೋಕೆ ಸರಿ ಅನಿಸುತ್ತದೆ. ಮಾರುವವರಿಗೂ ಅದೇ ಬೇಕು. ಆದರೆ ಹೊಟ್ಟೆಗೆ ಹೋದದ್ದೆಲ್ಲ ನೆಟ್ಟಗೆ ಮಂಡಿಗೆ ಹೋಗಿ ಕೂರುವುದಿಲ್ಲ. ಕಾರ್ಟಿಲೇಜಿಗೆ ರಕ್ತನಾಳಗಳೇ ಇಲ್ಲ. ಅದು ಸವೆದರೆ ಮತ್ತೆ ಬೆಳೆಯದಿರುವುದಕ್ಕೆ ಇದೂ ಒಂದು ಕಾರಣ.

ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಸರ್ಕಾರದ ಹಣದಲ್ಲಿ 1,583 ಮಂಡಿ ನೋವಿನವರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದು 2006ರಲ್ಲಿ ಫಲಿತಾಂಶ ಬಂತು. ಕೆಲವರಿಗೆ ದಿನಕ್ಕೆ 1,500 ಮಿ.ಗ್ರಾಂ ಗ್ಲುಕೋಸಮೈನ್, ಕೆಲವರಿಗೆ 1,200 ಮಿ.ಗ್ರಾಂ ಕಾಂಡ್ರಾಯ್ಟಿನ್, ಕೆಲವರಿಗೆ ಎರಡೂ, ಕೆಲವರಿಗೆ ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. 24 ವಾರ ಕೊಟ್ಟರು. ಎರಡನ್ನೂ ಸೇರಿಸಿ ನುಂಗಿದವರಲ್ಲಿ ನೂರಕ್ಕೆ ಸುಮಾರು 67 ಜನಕ್ಕೆ ನೋವು ಕಡಿಮೆಯಾಯಿತು. ಹುಸಿ ಮಾತ್ರೆ ನುಂಗಿದವರಲ್ಲಿ? ನೂರಕ್ಕೆ 60. ಇಷ್ಟು ಸಣ್ಣ ವ್ಯತ್ಯಾಸವನ್ನು ಔಷಧದ ಗುಣ ಅಂತ ಹೇಳೋಕಾಗಲ್ಲ. ನೋವು ತೀರಾ ಜಾಸ್ತಿ ಇದ್ದ ಒಂದು ಸಣ್ಣ ಗುಂಪಿನಲ್ಲಿ ಮಾತ್ರ ಎರಡರ ಜೋಡಿ ಚೆನ್ನಾಗಿ ಕೆಲಸ ಮಾಡಿದ ಹಾಗೆ ಕಂಡಿತು. ಡಬ್ಬಿ ಮಾರುವವರು ಹೇಳುವುದು ಆ ಸಣ್ಣ ಗುಂಪಿನ ಕತೆಯನ್ನು.

ಯುರೋಪಿನಲ್ಲಿ ಇದನ್ನು ಬೇರೆಯಾಗಿ ನೋಡುವವರಿದ್ದಾರೆ. ಅಲ್ಲಿ ಗ್ಲುಕೋಸಮೈನ್ ಸಲ್ಫೇಟ್ ಎಂಬ ಬಗೆಯನ್ನು ಡಾಕ್ಟರ ಚೀಟಿಯ ಮೇಲೆ ಕೊಡುವುದುಂಟು. ಅದರಿಂದ ಸ್ವಲ್ಪ ಲಾಭ ಕಂಡ ಅಧ್ಯಯನಗಳಿವೆ. ಅದರಲ್ಲಿ ಕೆಲವಕ್ಕೆ ಮಾತ್ರೆ ತಯಾರಿಸುವವರೇ ಹಣ ಕೊಟ್ಟಿದ್ದರು ಅನ್ನುವುದೂ ಗೊತ್ತಿರಲಿ. ಅಮೆರಿಕದ ಗಂಟು ರೋಗ ತಜ್ಞರ ಸಂಘ 2019ರ ತನ್ನ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಗ್ಲುಕೋಸಮೈನ್ ಬೇಡವೆಂದು ಖಡಾಖಂಡಿತವಾಗಿ ಹೇಳಿದೆ. ನನ್ನ ಒಲವೂ ಆ ಕಡೆಗೇ.

ಹಾಗಾದರೆ ನಿಮ್ಮ ಪಕ್ಕದ ತೋಟದವರು "ನಂಗೆ ಅದರಲ್ಲೇ ಗುಣ ಆಯ್ತು" ಅನ್ನುತ್ತಾರಲ್ವಾ, ಅದು ಸುಳ್ಳಾ? ಸುಳ್ಳಲ್ಲ. ಅವರು ಮಾತ್ರೆ ಶುರು ಮಾಡಿದ್ದು ಯಾವಾಗ ಅಂತ ಕೇಳಿ ನೋಡಿ. ಬಹಳ ಮಂದಿ ಜುಲೈಯಲ್ಲಿ, ಮಳೆ ಹಿಡಿದು ನೋವು ನೆತ್ತಿಗೇರಿದಾಗ ಶುರು ಮಾಡುತ್ತಾರೆ. ಅಕ್ಟೋಬರ್ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ, ಬಿಸಿಲು ಬರುತ್ತದೆ, ಓಡಾಟ ಶುರುವಾಗುತ್ತದೆ, ನೋವು ತಾನಾಗಿ ಇಳಿಯುತ್ತದೆ. ಹೆಸರು ಮಾತ್ರೆಗೆ. ಇನ್ನು ಕೆಲವರು ಕಾಫಿ ಕೊಯ್ಲಿನ ಕೊನೆಗೆ, ಕಣದಲ್ಲಿ ಬಗ್ಗಿ ಎದ್ದು ಮಂಡಿ ಊದಿಸಿಕೊಂಡಾಗ ಶುರು ಮಾಡುತ್ತಾರೆ. ಕೊಯ್ಲು ಮುಗಿದು ಮೈಗೆ ಬಿಡುವು ಸಿಕ್ಕರೆ ನೋವು ಇಳಿಯಲೇಬೇಕು. ಸವೆತದ ನೋವು ಏರಿಳಿಯುವಂಥದ್ದು. ಏರಿದಾಗ ಏನು ಕೊಟ್ಟರೂ ಆಮೇಲೆ ಇಳಿಯುತ್ತದೆ.

ಅದಕ್ಕೇ ಪ್ರಯೋಗ ಮಾಡುವುದಿದ್ದರೆ ಸರಿಯಾಗಿ ಮಾಡಿ. ಮಗ ಪ್ರೀತಿಯಿಂದ ಕಳಿಸಿದ್ದಾನೆ, ಎಸೆಯೋಕೆ ಮನಸ್ಸು ಬಾರದು, ಅಲ್ವಾ? ಎಲ್ಲ ಡಬ್ಬಿಯನ್ನೂ ಒಟ್ಟಿಗೆ ತೆರೆಯಬೇಡಿ. ಒಂದೇ ಒಂದನ್ನು ಆರಿಸಿ, ಮಳೆಗಾಲವೂ ಅಲ್ಲದ ಕೊಯ್ಲೂ ಅಲ್ಲದ ಸಮಯದಲ್ಲಿ ಮೂರು ತಿಂಗಳು ತಗೊಳ್ಳಿ. ಶುರು ಮಾಡುವ ಮೊದಲೇ ಕ್ಯಾಲೆಂಡರಿನಲ್ಲಿ ಭಾನುವಾರದ ಚೌಕದೊಳಗೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹಾಕುವ ಅಭ್ಯಾಸ ಮಾಡಿ. ಯಾವ ನೋವಿಗೆ ಅಂಕ ಅನ್ನುವುದೂ ಒಂದೇ ಇರಲಿ, ಉದಾಹರಣೆಗೆ ಮನೆ ಮುಂದಿನ ಮೆಟ್ಟಿಲು ಇಳಿಯುವಾಗಿನ ನೋವು. ಮೂರು ತಿಂಗಳಾದ ಮೇಲೆ ಅಂಕ ಎರಡಾದರೂ ಇಳಿಯದಿದ್ದರೆ ನಿಲ್ಲಿಸಿ. ಇಳಿದಿದ್ದರೂ ಒಂದು ತಿಂಗಳು ನಿಲ್ಲಿಸಿ ನೋಡಿ. ನೋವು ವಾಪಸ್ ಬಾರದಿದ್ದರೆ ಆ ಮಾತ್ರೆಗೆ ಅದರಲ್ಲಿ ಪಾಲಿಲ್ಲ.

ಒಂದು ಮಾತು. ಗ್ಲುಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆದದ್ದು. ಕಾಂಡ್ರಾಯ್ಟಿನ್ ದನ, ಹಂದಿ, ಶಾರ್ಕ್ ಮುಂತಾದ ಪ್ರಾಣಿಗಳ ಮೆತ್ತನೆ ಮೂಳೆಯಿಂದ. ಸಿಗಡಿ ತಿಂದರೆ ಮೈ ತುರಿಸುವವರು ಗ್ಲುಕೋಸಮೈನ್ ಮುಟ್ಟಬಾರದು. ಶುದ್ಧ ಸಸ್ಯಾಹಾರಿಗಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಕೊಲಾಜೆನ್ ಪುಡಿಯೂ ದನದ ಚರ್ಮ, ಮೂಳೆ ಅಥವಾ ಮೀನಿನದ್ದೇ. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ: ಹೊಟ್ಟೆಯಲ್ಲಿ ಅದು ಬೇರೆ ಪ್ರೋಟೀನಿನ ಹಾಗೇ ಕರಗಿ ಚೂರಾಗುತ್ತದೆ, ನೋವಿಗೆ ಲಾಭ ತೋರಿಸಿದ ಅಧ್ಯಯನಗಳು ಚಿಕ್ಕವು, ಬೆಲೆ ದೊಡ್ಡದು. ಆ ದುಡ್ಡಿಗೆ ಮೊಟ್ಟೆ, ಮೀನು, ಬೇಳೆ ತರಿಸಿ. ವಯಸ್ಸಾದ ಮೇಲೆ ಸ್ನಾಯು ಕರಗದಿರಲು ಪ್ರೋಟೀನು ನಿಜವಾಗಿಯೂ ಬೇಕು, ಒಂದು ಹೊತ್ತು ಅಕ್ಕಿ ಒಟ್ಟಿ (ರೊಟ್ಟಿ), ಒಂದು ಹೊತ್ತು ಗಂಜಿಯಲ್ಲಿ ಅದು ಸಿಗುವುದಿಲ್ಲ.

ಮೀನೆಣ್ಣೆ ರುಮಟಾಯ್ಡ್ ಇರುವವರಿಗೆ ದೊಡ್ಡ ಅಳತೆಯಲ್ಲಿ ಸ್ವಲ್ಪ ಉಪಕಾರ ಮಾಡುತ್ತದೆ. ಸವೆತದ ನೋವಿಗೆ ಅಂಥ ಲಾಭ ಕಂಡಿಲ್ಲ. ಆಸ್ಟ್ರೇಲಿಯಾದಲ್ಲಿ 262 ಜನರಿಗೆ ಕ್ರಿಲ್ ಎಂಬ ಸಿಗಡಿಯಂಥ ಜೀವಿಯ ಎಣ್ಣೆಯನ್ನು 24 ವಾರ ಕೊಟ್ಟು ನೋಡಿದರು. 2024ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಹುಸಿ ಎಣ್ಣೆಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಮತ್ತಿ, ಬಂಗುಡೆ ವಾರಕ್ಕೆರಡು ಸಲ ತಿನ್ನಿ, ಸಾಕು.

ಅರಿಶಿನಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಏಕೆಂದರೆ ಇದರಲ್ಲಿ ಹುರುಳೂ ಇದೆ, ಅಪಾಯವೂ ಇದೆ. ಅರಿಶಿನದಲ್ಲಿ ಕೆಲಸ ಮಾಡುವ ಅಂಶ ಕರ್ಕ್ಯುಮಿನ್. ಪುಡಿಯಲ್ಲಿ ಅದು ನೂರಕ್ಕೆ ಸುಮಾರು ಮೂರು ಪಾಲು ಅಷ್ಟೇ. ಅದೂ ಕರುಳಿನಿಂದ ರಕ್ತಕ್ಕೆ ಹೋಗುವುದು ಬಹಳ ಕಮ್ಮಿ. ಹಾಗಾಗಿ ರಾತ್ರಿ ಅರಿಶಿನ ಹಾಲು ಕುಡಿದರೆ ಗಂಟಲಿಗೆ ಹಿತ, ಮಂಡಿಗೆ ಅಷ್ಟಕ್ಕಷ್ಟೇ. ಥಾಯ್ಲೆಂಡಿನಲ್ಲಿ 367 ಮಂಡಿ ನೋವಿನವರಿಗೆ ದಿನಕ್ಕೆ 1,500 ಮಿ.ಗ್ರಾಂ ಅರಿಶಿನದ ಸಾರ, ಇಲ್ಲವೇ 1,200 ಮಿ.ಗ್ರಾಂ ಐಬುಪ್ರೊಫೆನ್ ಕೊಟ್ಟು ನಾಲ್ಕು ವಾರ ನೋಡಿದರು. ನೋವು ಇಳಿಸುವುದರಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಆದವು, ಅರಿಶಿನದಿಂದ ಹೊಟ್ಟೆಯ ತಕರಾರು ಕಡಿಮೆ. ಇದು 2014ರ ಮಾತು. ನಾಲ್ಕು ವಾರ ಬಹಳ ಚಿಕ್ಕ ಅವಧಿ ನಿಜ, ಆದರೂ ನಿಮ್ಮ ಡಬ್ಬಿಗಳ ಪೈಕಿ ಒಂದಿಷ್ಟು ಆಸೆ ಇಡಬಹುದಾದದ್ದು ಇದೊಂದೇ.

ಈಗ ಅಪಾಯ. ಕರಿಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶದ ಜೊತೆ ಸೇರಿದರೆ ಕರ್ಕ್ಯುಮಿನ್ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ರಕ್ತಕ್ಕೆ ಸೇರುತ್ತದೆ ಎಂದು 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ. ಆಮೇಲೆ ಕ್ಯಾಪ್ಸೂಲಿಗೆಲ್ಲ ಮೆಣಸಿನ ಸಾರ ಸೇರಿತು. ಸಿಲ್ವರ್ ಓಕ್ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ ನಿಮಗೆ ಮೆಣಸೆಂದರೆ ಭಯವಿರದು, ಸರಿಯೇ, ಅಡುಗೆಯ ಮೆಣಸಿನಲ್ಲಿ ಭಯವೂ ಇಲ್ಲ. ಆದರೆ ಕ್ಯಾಪ್ಸೂಲಿನ ಪೈಪರಿನ್ ಕರ್ಕ್ಯುಮಿನ್ನಿನ ಜೊತೆ ನೀವು ತಗೊಳ್ಳುವ ಬೇರೆ ಕೆಲವು ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಹೀಗೆ ಬಲ ಹೆಚ್ಚಿಸಿದ ಅರಿಶಿನದ ಕ್ಯಾಪ್ಸೂಲ್ ತಿಂದು ಲಿವರ್ ಊದಿಕೊಂಡು ಕಾಮಾಲೆ ಬಂದವರ ವರದಿಗಳು ಇಟಲಿ, ಅಮೆರಿಕ ಮುಂತಾದ ಕಡೆಗಳಿಂದ ಬಂದಿವೆ. ಅಪರೂಪ, ಆದರೆ ಸುಳ್ಳಲ್ಲ. ತಗೊಳ್ಳುವುದಿದ್ದರೆ ಮೊದಲು ಒಂದು ಲಿವರ್ ಪರೀಕ್ಷೆ, ಆರೆಂಟು ವಾರ ಬಿಟ್ಟು ಇನ್ನೊಂದು. ಮೂತ್ರ ಕಡು ಹಳದಿ, ಕಣ್ಣು ಹಳದಿ, ಊಟ ಸೇರದು, ಮೈ ತುರಿಕೆ — ಕಂಡ ಕೂಡಲೇ ನಿಲ್ಲಿಸಿ. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಇದು ಬೇಡವೇ ಬೇಡ.

ವಿಟಮಿನ್ ಡಿ ವಿಷಯದಲ್ಲಿ ನಿಮ್ಮ ಮೇಲೆ ಸ್ವಲ್ಪ ಸಿಟ್ಟು ಬಂತು. ಬರೆದುಕೊಟ್ಟವರ ಮೇಲೆ ಅನ್ನುವುದು ಸರಿ. 60,000 ಯೂನಿಟ್ಟಿನದ್ದು ಕೊರತೆ ಇದ್ದವರಿಗೆ ಸಾಮಾನ್ಯವಾಗಿ ಎಂಟು ವಾರ ಕೊಡುವಂಥದ್ದು. ಆಮೇಲೆ ತಿಂಗಳಿಗೊಂದೋ, ದಿನಕ್ಕೆ ಸಣ್ಣ ಪ್ರಮಾಣವೋ. ವಾರ ವಾರ ವರ್ಷಗಟ್ಟಲೆ ಹೋದರೆ ಅದು ಮೈಯಲ್ಲೇ ಕೂಡಿಕೊಳ್ಳುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಮಲಬದ್ಧತೆ, ವಿಪರೀತ ಬಾಯಾರಿಕೆ, ವಾಕರಿಕೆ, ಕಿಡ್ನಿಯಲ್ಲಿ ಕಲ್ಲು. ಸದ್ಯಕ್ಕೆ ನಿಲ್ಲಿಸಿ, ರಕ್ತದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಮೂರನ್ನೂ ನೋಡಿಸಿ. ತಿಂಗಳುಗಟ್ಟಲೆ ಮೋಡ ಮುಸುಕುವ, ಹೊರಗೆ ಹೋದರೂ ಕೊಡೆ, ರೈನ್‌ಕೋಟ್ ಹೊದ್ದೇ ಹೋಗುವ ಊರಿನಲ್ಲಿ ಕೊರತೆ ಬರುವುದು ಸಹಜ. ಇದ್ದರೆ ತುಂಬಿಸಬೇಕು, ಮೂಳೆಗೆ ಅದು ಬೇಕು. ಆದರೆ ಮಂಡಿ ಸವೆತದ ನೋವು ಅದರಿಂದ ಇಳಿಯುವುದಿಲ್ಲ. ಎರಡು ವರ್ಷ ಕೊಟ್ಟು ನೋಡಿದ ಅಧ್ಯಯನ 2013ರಲ್ಲೇ ಇದನ್ನು ಹೇಳಿದೆ.

ಕ್ಯಾಲ್ಸಿಯಂ ಕೂಡ ಹಾಗೇ. ಮೂಳೆ ಟೊಳ್ಳಾಗುವುದು ಬೇರೆ ಕಾಯಿಲೆ, ಮಂಡಿ ಸವೆಯುವುದು ಬೇರೆ. ಮೂಳೆಗಾಗಿ ಕ್ಯಾಲ್ಸಿಯಂ ಬೇಕೆಂದರೆ ರಾಗಿ ಇದೆ, ನೂರು ಗ್ರಾಂನಲ್ಲಿ ಸುಮಾರು 360 ಮಿ.ಗ್ರಾಂ. ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವಷ್ಟಿಲ್ಲ. ಕುಶಾಲನಗರದ ಕಡೆಯಿಂದ ಒಳ್ಳೆ ರಾಗಿ ಬರುತ್ತದೆ, ದಿನಕ್ಕೊಂದು ಹೊತ್ತು ಅಭ್ಯಾಸ ಮಾಡಿಕೊಳ್ಳಿ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ವಿಟಮಿನ್ ಬಿ12 ಕೂಡ ಒಮ್ಮೆ ನೋಡಿಸಿ. ಪಾದ ಜೋಮು ಹಿಡಿಯುವುದನ್ನು ಕೆಲವರು ಗಂಟು ನೋವು ಅಂದುಕೊಳ್ಳುತ್ತಾರೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಹೆಸರಿಲ್ಲದ ಪುಡಿ, ಪೊಟ್ಟಣದಲ್ಲಿ ಕಟ್ಟಿಕೊಡುವ ಗುಳಿಗೆ, "ಮೂರು ದಿನದಲ್ಲಿ ಎದ್ದು ಓಡಾಡ್ತೀರಿ" ಎನ್ನುವವರ ಔಷಧ. ನಿಜವಾಗಿಯೂ ಮೂರು ದಿನದಲ್ಲಿ ಓಡಾಡುವ ಹಾಗಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆ ಬಹಳ. ಮುಖ ಗುಂಡಗಾಗುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದವರು ತಟ್ಟನೆ ನಿಲ್ಲಿಸಿದರೂ ಜೀವಕ್ಕೆ ಅಪಾಯ, ಡಾಕ್ಟರ ಕಣ್ಣಳತೆಯಲ್ಲಿ ನಿಧಾನವಾಗಿ ಇಳಿಸಬೇಕು. ಹಾಗೆಯೇ, ಇಂಟರ್‌ನೆಟ್ಟಿನಲ್ಲಿ ಮಾರುವ ಆಯುರ್ವೇದದ 193 ಔಷಧಗಳನ್ನು ತರಿಸಿ ಪರೀಕ್ಷಿಸಿದಾಗ ಐದರಲ್ಲೊಂದರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತ್ತು, 2008ರ ವರದಿ ಅದು. ಆಯುರ್ವೇದವೇ ಬೇಡ ಅನ್ನುತ್ತಿಲ್ಲ. ಓದಿದ ವೈದ್ಯರ ಹತ್ತಿರ ಹೋಗಿ, ಅವರು ಕೊಟ್ಟದ್ದರ ಹೆಸರು ಬರೆಸಿಕೊಳ್ಳಿ.

ಮಗ ತರಿಸಿದ ಡಬ್ಬಿಗಳ ಲೇಬಲ್ಲನ್ನೂ ಕನ್ನಡಕ ಹಾಕಿ ಓದಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಪಕ್ಕದಲ್ಲೇ, ಸಣ್ಣ ಅಕ್ಷರದಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಕಾನೂನಿನ ಪ್ರಕಾರ ಬರೆಯಲೇಬೇಕು. ಜಾಹೀರಾತಿನಲ್ಲಿ ಮಂಡಿ ಹಿಡಿದುಕೊಂಡ ಅಜ್ಜಿ ಮುಂದಿನ ಕ್ಷಣಕ್ಕೆ ಕುಣಿಯುವುದನ್ನು ತೋರಿಸುವವರು ಡಬ್ಬಿಯ ಮೇಲೆ ಹೇಳುವುದು ಇದನ್ನು.

ಹಾಗಾದರೆ ಏನು ಮಾಡಬೇಕು? ತೊಡೆ ಗಟ್ಟಿ ಮಾಡಬೇಕು. ಜೀಪಿಗೆ ಶಾಕ್ ಅಬ್ಸಾರ್ಬರ್ ಹೇಗೋ ಮಂಡಿಗೆ ತೊಡೆಯ ಮುಂದಿನ ಸ್ನಾಯು ಹಾಗೆ. ನೋವೆಂದು ಕೂತರೆ ಸ್ನಾಯು ಕರಗುತ್ತದೆ, ಭಾರವೆಲ್ಲ ಮೂಳೆಗೆ ಬೀಳುತ್ತದೆ, ನೋವು ಇನ್ನೂ ಏರುತ್ತದೆ. ಸವೆತದ ನೋವಿಗೆ ಇಷ್ಟು ಗಟ್ಟಿ ಆಧಾರ ಇರುವ ಮದ್ದು ಡಬ್ಬಿಯಲ್ಲಿ ಯಾವುದೂ ಇಲ್ಲ.

ಜಗಲಿಯಲ್ಲಿ ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಸೀಟು ತಗ್ಗಾಗಿದ್ದರೆ ಮೇಲೊಂದು ದಿಂಬು. ತುದಿಯಲ್ಲಿ ಕೂತು, ಪಾದ ಎರಡನ್ನೂ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ತಂದು, ಕೈ ಎದೆಗೆ ಕಟ್ಟಿ, ನಿಧಾನಕ್ಕೆ ಎದ್ದು ನಿಲ್ಲಿ. ಕೂರುವುದು ಇನ್ನೂ ನಿಧಾನ, ದೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಮೊದಲ ವಾರ ಐದು ಸಲ, ಬೆಳಿಗ್ಗೆ ಸಂಜೆ. ವಾರ ಕಳೆದ ಹಾಗೆ ಒಂದೊಂದು ಏರಿಸಿ ಹದಿನೈದಕ್ಕೆ ತನ್ನಿ. ಅದೇ ಕುರ್ಚಿಯಲ್ಲಿ ಒರಗಿ ಕೂತು ಒಂದು ಕಾಲನ್ನು ನೆಟ್ಟಗೆ ಚಾಚಿ, ಪಾದ ನಿಮ್ಮ ಕಡೆಗೆ ಎಳೆದು, ತೊಡೆ ಬಿಗಿ ಮಾಡಿ ಹತ್ತು ಎಣಿಸಿ ಇಳಿಸಿ. ಕಾಲಿಗೆ ಹತ್ತು ಸಲ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ನೋವು ಏರಿಯೇ ಇದ್ದರೆ ಲೆಕ್ಕ ಕಮ್ಮಿ ಮಾಡಿ, ಬಿಡಬೇಡಿ. ಲಾಭ ಗೊತ್ತಾಗಲು ಆರರಿಂದ ಎಂಟು ವಾರ ಬೇಕು. ಜೋರು ಮಳೆಯಲ್ಲೂ ಮನೆಯೊಳಗೇ ಮಾಡಬಹುದು ಅನ್ನುವುದೇ ನಮ್ಮೂರಿಗೆ ಇದರ ದೊಡ್ಡ ಅನುಕೂಲ.

ತೋಟಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ಕೋಲು ಹಿಡಿಯಿರಿ. ನಿಮಗೆ ಬಲ ಮಂಡಿ ಜಾಸ್ತಿ ನೋವು, ಹಾಗಾಗಿ ಕೋಲು ಎಡಗೈಯಲ್ಲಿ. ಬಹಳ ಜನ ನೋವಿರುವ ಕಡೆಗೇ ಹಿಡಿಯುತ್ತಾರೆ, ಅದರಿಂದ ಭಾರ ಇಳಿಯುವುದಿಲ್ಲ. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಏರಿಗಿಂತ ಇಳಿಜಾರೇ ಮಂಡಿಗೆ ಕಷ್ಟ, ನೆಟ್ಟಗೆ ಇಳಿಯದೆ ಸುತ್ತಿ ಬರುವ ಜೀಪ್ ದಾರಿಯಲ್ಲಿ ಬನ್ನಿ. ಕಣದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಫಿ ಆರಿಸುವುದು ಬೇಡ, ಎತ್ತರದ ಸ್ಟೂಲ್ ಇರಲಿ. ಮೆಣಸು ಕೊಯ್ಯಲು ಏಣಿ ಹತ್ತುವ ಕೆಲಸ ಬೇರೆಯವರಿಗೆ ಬಿಡಿ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಹಾಕಿಸಿ, ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ.

ತೂಕ ಬರೆದಿಲ್ಲ ನೀವು. ಜಾಸ್ತಿ ಇದ್ದರೆ ಒಂದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಆಹಾರ, ವ್ಯಾಯಾಮ ಎರಡನ್ನೂ ಹಿಡಿದು ತೂಕದಲ್ಲಿ ನೂರಕ್ಕೆ ಹತ್ತು ಪಾಲು ಇಳಿಸಿದವರಿಗೆ ಒಂದೂವರೆ ವರ್ಷದಲ್ಲಿ ನೋವು ಸುಮಾರು ಅರ್ಧ ಇಳಿದಿತ್ತು. ಆದರೆ ಇಳಿಸಲಿಕ್ಕೆಂದು ಗಾರ್ಸಿನಿಯಾ ಕ್ಯಾಪ್ಸೂಲ್ ತರಿಸಬೇಡಿ. ನಾವು ಕಾಚಂಪುಳಿ ಕಾಯಿಸುವ ಹಣ್ಣಿನದೇ ಸಾರ ಅದು. ಕರಿಗೆ ಒಂದು ಚಮಚ ಕಾಚಂಪುಳಿ ಹಾಕುವುದಕ್ಕೂ ಸಾರವನ್ನು ದಿನಾ ನುಂಗುವುದಕ್ಕೂ ಅಜಗಜಾಂತರ. ಲಿವರ್ ಕೆಟ್ಟವರ ವರದಿ ಅದರಲ್ಲೂ ಇದೆ.

ನೋವು ಏರಿದ ದಿನಗಳಿಗೆ ಡೈಕ್ಲೋಫೆನಾಕ್ ಜೆಲ್ ಒಳ್ಳೆಯದು. ಮಂಡಿಯ ಸುತ್ತ ದಿನಕ್ಕೆ ಮೂರು ನಾಲ್ಕು ಸಲ, ಒಂದೆರಡು ವಾರ. ರಕ್ತಕ್ಕೆ ಹೋಗುವುದು ಬಹಳ ಕಮ್ಮಿಯಾದ್ದರಿಂದ ಹೊಟ್ಟೆಗೆ, ಕಿಡ್ನಿಗೆ ಮಾತ್ರೆಯಷ್ಟು ತೊಂದರೆ ಇಲ್ಲ. ಹಚ್ಚಿದ ಮೇಲೆ ಬಿಸಿನೀರಿನ ಶಾಖ ಕೊಡಬೇಡಿ, ಶಾಖ ಬೇರೆ ಹೊತ್ತಿನಲ್ಲಿ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಾವಾಗಿ ತಂದು ನುಂಗುವುದು ಮಾತ್ರ ಬೇಡ. ಬಿಪಿ, ಶುಗರ್ ಎರಡೂ ಇರುವ 66 ವರ್ಷದವರ ಕಿಡ್ನಿಗೆ ಅದು ದೊಡ್ಡ ಹೊಡೆತ. ನಿಮ್ಮ ಯಜಮಾನರಂತೂ ಆ ಮಾತ್ರೆಗಳ ಹತ್ತಿರವೂ ಹೋಗಬಾರದು, ಜೆಲ್ ಹಚ್ಚುವುದಿದ್ದರೂ ಅವರ ಡಾಕ್ಟರನ್ನು ಕೇಳಿಯೇ.

ಮಳೆಗೂ ನೋವಿಗೂ ಸಂಬಂಧ ಇದೆಯಾ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 2,658 ಜನರ ಮೊಬೈಲಿನಲ್ಲಿ ದಿನದಿನದ ನೋವು ಬರೆಸಿಕೊಂಡು ನೋಡಿದಾಗ ತೇವ, ಗಾಳಿ ಜಾಸ್ತಿ ಇದ್ದು ವಾಯುಭಾರ ಕಡಿಮೆ ಇದ್ದ ದಿನಗಳಲ್ಲಿ ನೋವು ಸ್ವಲ್ಪ ಏರಿದ್ದು ಕಂಡಿತು. ಸ್ವಲ್ಪವೇ. ನನಗನಿಸುವುದು, ಕೊಡಗಿನ ಮಳೆಗಾಲದ ನೋವಿನಲ್ಲಿ ಮಳೆಗಿಂತ ಮೂರು ತಿಂಗಳು ಒಲೆ ಮುಂದೆ ಕೂರುವುದರ ಪಾಲು ದೊಡ್ಡದು. ಮಂಡಿಗೆ ಉಣ್ಣೆಯ ಪಟ್ಟಿ ಸುತ್ತಿ, ಕುರ್ಚಿಯ ವ್ಯಾಯಾಮ ಬಿಡಬೇಡಿ.

ಕೊನೆಗೆ ಆಪರೇಷನ್. ಯಾವ ಡಬ್ಬಿಯೂ ಅದನ್ನು ತಪ್ಪಿಸುವುದಿಲ್ಲ. ಆದರೆ ಎಕ್ಸ್‌ರೇಯಲ್ಲಿ ಸವೆತ ಕಂಡವರಿಗೆಲ್ಲ ಆಪರೇಷನ್ ಬೇಕಾಗುವುದೂ ಇಲ್ಲ. ತೊಡೆ ಗಟ್ಟಿ ಮಾಡಿ, ತೂಕ ಇಳಿಸಿ ಹತ್ತಾರು ವರ್ಷ ಚೆನ್ನಾಗಿ ಓಡಾಡಿದವರಿದ್ದಾರೆ. ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಮನೆಯಿಂದ ಗೇಟಿನವರೆಗೂ ನಡೆಯಲಾಗದಿದ್ದರೆ, ಕಾಲು ಬಿಲ್ಲಿನಂತೆ ಬಾಗುತ್ತಾ ಹೋದರೆ ಆಗ ಮೂಳೆ ತಜ್ಞರ ಹತ್ತಿರ ಮಾತಾಡಿ. ಶುಗರ್ ಹತೋಟಿಗೆ ಬಂದಿರಬೇಕು, ಇಲ್ಲದಿದ್ದರೆ ಗಾಯ ಕೀವಾಗುವ ಭಯ. ಮೀನೆಣ್ಣೆ, ಅರಿಶಿನ, ಗ್ಲುಕೋಸಮೈನ್ ತಗೊಳ್ಳುತ್ತಿದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ, ಆಪರೇಷನ್ನಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರು ತಿಳಿಸುತ್ತಾರೆ. ದಿನ ಗೊತ್ತು ಮಾಡುವಾಗ ಮಳೆಗಾಲವನ್ನೂ ಕೊಯ್ಲನ್ನೂ ಬಿಟ್ಟು ನೋಡಿ. ಆದ ಮೇಲೆ ಆರು ವಾರವಾದರೂ ಫಿಸಿಯೋಥೆರಪಿಗೆ ಓಡಾಡಬೇಕು, ಜಾರುವ ಅಂಗಳದಲ್ಲಿ ವಾಕರ್ ಹಿಡಿದು ಅದು ಆಗದು. ಮಾರ್ಚ್ ಒಳ್ಳೆಯ ತಿಂಗಳು.